ಗಂಡನಲ್ಲಿ ಅಪ್ಪನನ್ನು ಕಳೆದರೆ

ಪ್ರತಿ ತಿಂಗಳ ಮೊದಲ ದಿನ ದೊಡ್ಡವಳು ಗಂಡನಲ್ಲಿ ಅಪ್ಪನನ್ನು ಕಳೆಯುತ್ತಿದ್ದಳು. ಕೇಳಿದವರಿಗೆ ಹೇಗೋ ಏನೋ, ಅವಳಿಗೆ ಅದು ಸಂಬಳದ ಕೆಲಸ. ಊರಿನ ಹವಾಮಾನ ಠಾಣೆಯಿಂದ ಪತ್ರಿಕೆಗೆ ತಿಂಗಳ ವರದಿ ಬರೆದುಕೊಡುವವಳು ಅವಳೇ. ಹೋದ ತಿಂಗಳು ಎಷ್ಟು ಸೆಕೆಯಿತ್ತು, ಎಷ್ಟು ಮಳೆ ಬಿತ್ತು, ಅದು ವಾಡಿಕೆಗಿಂತ ಹೆಚ್ಚೋ ಕಡಿಮೆಯೋ, ಇಷ್ಟೇ ವರದಿ. ಹೋದ ತಿಂಗಳ ಅಂಕಿಗಳನ್ನು ದಿನವೂ ಓದಿ ಬರೆದವನು ಅವಳ ಗಂಡ, ಈಗಿನ ವೀಕ್ಷಕ. ವಾಡಿಕೆ ಎಂದರೆ ಮೂವತ್ತು ವರ್ಷಗಳ ಸರಾಸರಿ. ಆ ಮೂವತ್ತು ವರ್ಷ ಅದೇ ಅಂಗಳದಲ್ಲಿ, ಅದೇ ಬಿಳಿ ಪೆಟ್ಟಿಗೆಯ ಮುಂದೆ ನಿಂತು ಉಷ್ಣಮಾಪಕ ಓದಿದವರು ಅವಳ ಅಪ್ಪ. ಹಾಗಾಗಿ ಗಂಡನಲ್ಲಿ ಅಪ್ಪನನ್ನು ಕಳೆದರೆ ಉಳಿಯುವುದೇ ಊರಿನ ಸುದ್ದಿ.

ಅಪ್ಪ ನಿವೃತ್ತರಾದಾಗ ಠಾಣೆಯ ಮನೆ ಖಾಲಿ ಮಾಡಬೇಕಿತ್ತು. ಪೆಟ್ಟಿಗೆ ಪಠಾರಿ ಕಟ್ಟಿ ಬಾಗಿಲ ಬಳಿ ಇಟ್ಟೂ ಆಗಿತ್ತು. ಅಷ್ಟರಲ್ಲಿ ಹೊಸದಾಗಿ ಬಂದ ವೀಕ್ಷಕ ದೊಡ್ಡವಳನ್ನು ನೋಡಿದ, ದೊಡ್ಡವಳು ಅವನನ್ನು ನೋಡಿದಳು, ಕಟ್ಟಿದ ಸಾಮಾನನ್ನೆಲ್ಲ ಮತ್ತೆ ಬಿಚ್ಚಿದರು. ಚಿಕ್ಕವಳು ಆಗಲೇ ಮದುವೆಯಾಗಿ ಬೇರೆ ಊರು ಸೇರಿದ್ದಳು. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ ಮುಂದಿನ ಕೋಣೆಯಲ್ಲಿ ಉಳಿದರು, ಅಳಿಯ ಹಿಂದಿನ ಕೋಣೆಗೆ ಬಂದ. ಎಲ್ಲ ಸುಸೂತ್ರವಾಯಿತು ಎಂದು ದೊಡ್ಡವಳು ಅಂದುಕೊಂಡಳು. ಅಂದುಕೊಳ್ಳಲು ಯಾರಪ್ಪನ ಗಂಟು ಹೋಗಬೇಕು?

ಅಪ್ಪ ಬಹಳ ಗಿಡ್ಡ. ಬೀದಿಯವರು ಪ್ರೀತಿಯಿಂದಲೇ ಅವರನ್ನು ಗೇಣು ಎನ್ನುತ್ತಿದ್ದರು. ಅಳಿಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಷ್ಟು ಉದ್ದ. ಅವನು ಊರಿಗೆ ಕಾಲಿಟ್ಟ ವಾರದಲ್ಲೇ ಏಣಿ ಎಂಬ ಹೆಸರು ಬಿತ್ತು. ದೊಡ್ಡವಳು ಇಬ್ಬರ ನಡುವಿನವಳು, ಎತ್ತರದಲ್ಲೂ, ಇನ್ನು ಮುಂದೆ ಹೇಳಲಿರುವ ವಿಷಯದಲ್ಲೂ.

ಏಣಿ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಊರಿನ ಸೆಕೆ ವಾಡಿಕೆಗಿಂತ ಅರ್ಧ ಡಿಗ್ರಿಗೂ ತುಸು ಮೇಲಾಯಿತು. ಎರಡನೇ ತಿಂಗಳೂ ಅಷ್ಟೇ. ಚಳಿಗಾಲ ಬಂತು, ಚಳಿಯೂ ಅಷ್ಟೇ ಬೆಚ್ಚಗಿತ್ತು. ಒಂದು ತಿಂಗಳಾದರೂ ವಾಡಿಕೆಗಿಂತ ಕೆಳಗೆ ಇಳಿಯಲಿಲ್ಲ. ಪತ್ರಿಕೆಯ ಉಪಸಂಪಾದಕನಿಗೆ ಹಬ್ಬವೋ ಹಬ್ಬ. 'ಮತ್ತೆ ಏರಿದ ತಾಪ' ಎಂಬ ತಲೆಬರಹವನ್ನು ಅವನು ಅಚ್ಚಿನ ಮೊಳೆ ಸಹಿತ ಎತ್ತಿಟ್ಟುಕೊಂಡಿದ್ದ. ಪತ್ರಿಕೆ ಬಂದ ದಿನ ಊರಿನವರು ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದರು. ಹಿಂದಿನ ದಿನದವರೆಗೂ ಅವರೆಲ್ಲ ಸ್ವೆಟರಿನಲ್ಲಿ ಓಡಾಡಿದವರೇ.

ಒಂದು ಮನೆಯಲ್ಲಿ ಮಾತ್ರ ಈ ಸುದ್ದಿಯನ್ನು ಯಾರೂ ನಂಬಲಿಲ್ಲ. ಅಪ್ಪನ ಪ್ರಕಾರ ಅಳಿಯನಿಗೆ ಉಷ್ಣಮಾಪಕ ಓದಲು ಬರುವುದಿಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಊರನ್ನೇ ಬಿಸಿ ಮಾಡಿಟ್ಟಿದ್ದಾನೆ. ಅಳಿಯನ ಪ್ರಕಾರ ತಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದಾನೆ, ಮೂವತ್ತು ವರ್ಷ ಕಡಿಮೆ ಬರೆದವರು ಬೇರೆ ಯಾರೋ. ಒಂದು ಸಲ ಊಟದ ಮೇಜಿನಲ್ಲೇ ಈ ಮಾತು ಬಂತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಮಾವ ಅಳಿಯರ ಜಗಳ ಎಲ್ಲಿಯ ತನಕ ಎಂದು ಹಿರಿಯರು ಹೇಳಿಟ್ಟಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಇಬ್ಬರದೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಉಪ್ಪು ಬೇಕಾದರೆ ಅಪ್ಪ ಮಗಳಿಗೆ ಹೇಳುತ್ತಿದ್ದರು, ಉಪ್ಪು ಅಳಿಯನ ಮೊಣಕೈ ಹತ್ತಿರವೇ ಇರುತ್ತಿತ್ತು. ದೊಡ್ಡವಳು ಎದ್ದು, ಮೇಜು ಸುತ್ತಿ ಬಂದು, ಉಪ್ಪು ಎತ್ತಿ ಅಪ್ಪನ ಮುಂದಿಟ್ಟು, ಮತ್ತೆ ಕೂರುತ್ತಿದ್ದಳು. ಹೀಗೆ ಐದು ವರ್ಷ ಕಳೆಯಿತು. ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಆಮೇಲೆ ಕೇಂದ್ರ ಕಚೇರಿಯಿಂದ ಕಾಗದ ಬಂತು. ಸುತ್ತಲಿನ ಯಾವ ಠಾಣೆಯಲ್ಲೂ ಇಲ್ಲದ ಸೆಕೆ ನಿಮ್ಮಲ್ಲಿ ಮಾತ್ರ ಹೇಗೆ ಬಂತು, ಹಳೆಯ ವೀಕ್ಷಕರ ಓದು ತಪ್ಪೋ ಹೊಸಬರದು ತಪ್ಪೋ, ತಿಂಗಳೊಳಗೆ ವಿವರಣೆ ಕೊಡಿ. ಯಾರದು ತಪ್ಪೋ ಅವರ ವರ್ಷಗಳನ್ನು ದಾಖಲೆಯಿಂದ ತೆಗೆದುಹಾಕಲಾಗುವುದು. ವಿವರಣೆ ಬರೆಯಬೇಕಾದವಳು ವರದಿಗಾರ್ತಿ, ಅಂದರೆ ದೊಡ್ಡವಳು.

ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಎಂದರೆ ಇದೇ. ಗಂಡನದು ತಪ್ಪು ಎಂದು ಬರೆದರೆ ಅವನ ಕೆಲಸ ಹೋಗುತ್ತದೆ, ಕೆಲಸದ ಜೊತೆ ಮನೆಯೂ ಹೋಗುತ್ತದೆ. ಅಪ್ಪನದು ತಪ್ಪು ಎಂದು ಬರೆದರೆ ಮೂವತ್ತು ವರ್ಷ ಹೋಗುತ್ತದೆ. ಜ್ವರ ಬಂದಾಗಲೂ, ಅಮ್ಮನನ್ನು ಮಣ್ಣು ಮಾಡಿ ಬಂದ ಮರುದಿನವೂ ಆ ಪೆಟ್ಟಿಗೆಯ ಬಾಗಿಲು ತೆರೆದ ಮನುಷ್ಯ ಅವರು. ಕಾಗದ ಓದಿ ಅಪ್ಪ ಮಂಚದ ಕೆಳಗಿನ ಟ್ರಂಕು ಎಳೆದು, ಬಟ್ಟೆ ಹಾಕಿ, ಹಗ್ಗ ಬಿಗಿದು, ಮತ್ತೆ ಮಂಚದ ಕೆಳಗೆ ತಳ್ಳಿದರು.

"ನನ್ನ ವರ್ಷಗಳನ್ನ ಹೊಡೆದು ಹಾಕಿದ ಮನೇಲಿ ನಾನು ಊಟ ಮಾಡಲ್ಲ. ಚಿಕ್ಕವಳ ಹತ್ರ ಹೋಗ್ತೀನಿ. ನೀನು ನಿಜ ಏನಿದೆಯೋ ಅದನ್ನೇ ಬರಿ."

ಗಂಡನೂ ಅದನ್ನೇ ಹೇಳಿದ, ನಿಜ ಬರಿ ಎಂದು. ಇಬ್ಬರೂ ನಿಜ ಬರಿ ಎನ್ನುವವರೇ, ಆ ನಿಜ ಯಾವುದೆಂದು ಹೇಳುವ ಪುಣ್ಯಾತ್ಮ ಒಬ್ಬನೂ ಇಲ್ಲ. ದೊಡ್ಡವಳಿಗೆ ಸಿಟ್ಟು ಬಂತು. ಇಬ್ಬರ ಮೇಲೂ ಬಂತು, ಸ್ವಲ್ಪ ಹವಾಮಾನದ ಮೇಲೂ ಬಂತು.

ಅವಳು ಹಾಳೆಗಳನ್ನು ಹರವಿಕೊಂಡು ಕೂತಳು. ಒಂದು ವಿಷಯ ಅವಳನ್ನು ಕಾಡುತ್ತಿತ್ತು. ಸೆಕೆಯಲ್ಲಿ ಇಷ್ಟು ಜಗಳವಾಡುವ ಇವರಿಬ್ಬರೂ ಮಳೆಯಲ್ಲಿ ಅಣ್ಣತಮ್ಮಂದಿರ ಹಾಗೆ ಹೊಂದಿಕೊಂಡಿದ್ದರು. ಗಂಡನ ಮಳೆಯಲ್ಲಿ ಅಪ್ಪನ ಮಳೆ ಕಳೆದರೆ ಒಮ್ಮೆ ಚೂರು ಹೆಚ್ಚು, ಒಮ್ಮೆ ಚೂರು ಕಡಿಮೆ, ವರ್ಷದ ಕೊನೆಗೆ ಲೆಕ್ಕ ಸಮ. ಓದಲು ಬಾರದವನಿಗೆ ಮಳೆ ಮಾತ್ರ ಓದಲು ಬರುವುದೆಂತು? ಮಳೆಯ ನೀರನ್ನು ಅಳತೆಯ ಗಾಜಿಗೆ ಸುರಿದು, ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತು ನೋಡುತ್ತಾರೆ. ಸೆಕೆಯನ್ನು ಅಂಗಳದಲ್ಲಿ ನಿಂತು ನೋಡುತ್ತಾರೆ. ಅಷ್ಟೇ ವ್ಯತ್ಯಾಸ. ಅಷ್ಟಕ್ಕೆ ಏನಾಗುತ್ತದೆ ಎಂದು ಹಾಳೆ ಮಡಚಿ ಅಡುಗೆಮನೆಗೆ ಹೋದಳು.

ಅಡುಗೆಮನೆಯ ಮೇಲಿನ ಅಟ್ಟಣಿಗೆಯಲ್ಲಿ ಎಣ್ಣೆಯ ಗಾಜಿನ ಭರಣಿ ಇತ್ತು. ಭರಣಿಯ ಮುಂಭಾಗದಲ್ಲಿ ಒಂದು ಕೆಂಪು ಹೂವಿನ ಚಿತ್ರ. ಕೆಳಗೆ ನಿಂತು ನೋಡಿದರೆ ಎಣ್ಣೆ ಹೂವಿನ ತೊಟ್ಟಿನವರೆಗೆ ಇತ್ತು, ಹೊಸದು ತರಬೇಕು ಎಂದುಕೊಂಡಳು. ಕಾಲ್ಮಣೆಯ ಹಾಗಿದ್ದ ಹಳೆಯ ಮರದ ಸ್ಟೂಲು ಹತ್ತಿ ಕೈ ಚಾಚಿದಾಗ ಎಣ್ಣೆ ಹೂವಿನ ನಡುವಿನವರೆಗೆ ಇತ್ತು. ಇಳಿದು ನೋಡಿದಳು, ತೊಟ್ಟು. ಹತ್ತಿದಳು, ನಡು. ಎಣ್ಣೆ ಹಾಗೇ ಇತ್ತು. ಏರಿಳಿದದ್ದು ಅವಳ ಕಣ್ಣು.

ಹುಟ್ಟಿದಾಗಿನಿಂದ ಆ ಸ್ಟೂಲು ಹತ್ತಿ ಇಳಿದಿದ್ದಳು. ಅಂದು ಮೊದಲ ಸಲ ಅದನ್ನು ತಲೆಕೆಳಗು ಮಾಡಿ ನೋಡಿದಳು. ಹಸಿರು ಬಣ್ಣದ ಅಡಿಯಲ್ಲಿ ನೀಲಿ, ನೀಲಿಯ ಅಡಿಯಲ್ಲಿ ಬಿಳಿ. ಬಿಳಿಯ ಮೇಲೆ ಠಾಣೆಯ ಮುದ್ರೆ. ಅಂಗಳದ ಪೆಟ್ಟಿಗೆಯ ಕಾಲಿಗೆ ಬಡಿದದ್ದೂ ಅದೇ ಮುದ್ರೆ. ಗಿಡ್ಡ ವೀಕ್ಷಕನ ಕಣ್ಣು ಪಾದರಸದ ಮಟ್ಟಕ್ಕೆ ಬರಲಿ ಎಂದು ಸರ್ಕಾರ ಕೊಟ್ಟ ಸ್ಟೂಲು ಇಷ್ಟು ವರ್ಷ ಎಣ್ಣೆ ಭರಣಿ ಇಳಿಸುವ ಕೆಲಸ ಮಾಡಿತ್ತು.

ಅವಳು ಅದನ್ನು ಎತ್ತಿಕೊಂಡು ಹೋಗಿ ಅಪ್ಪನ ಮುಂದಿಟ್ಟಳು. ಅಪ್ಪ ಪತ್ರಿಕೆ ಕೆಳಗಿಳಿಸಿ ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಕೆಲಸಕ್ಕೆ ಸೇರಿದ ಹೊಸತು," ಎಂದರು. "ನಿಮ್ಮಮ್ಮಂಗೆ ಅಟ್ಟಣಿಗೆ ಎಟುಕ್ತಿರಲಿಲ್ಲ. ಒಂದಿನದ ಮಟ್ಟಿಗೆ ಕೊಡಿ ಅಂದ್ಲು, ಕೊಟ್ಟೆ. ವಾಪಸ್ ಹೇಗೆ ಕೇಳೋದು? ನಾನು ತುದಿಗಾಲಲ್ಲಿ ನಿಂತು ಓದಿದ್ರಾಯ್ತು ಅಂದ್ಕೊಂಡೆ."

"ನಿಂತ್ರಾ?"

"ಒಂದು ವಾರ ನಿಂತೆ."

ಮರುದಿನ ಬೆಳಿಗ್ಗೆ ದೊಡ್ಡವಳು ಇಬ್ಬರನ್ನೂ ಅಂಗಳಕ್ಕೆ ಕರೆದೊಯ್ದಳು. ಕರೆದೊಯ್ದಳು ಎನ್ನುವುದು ಮರ್ಯಾದೆಯ ಮಾತು. ಬರದಿದ್ದರೆ ಇಬ್ಬರಿಗೂ ಕಾಫಿ ಇಲ್ಲ ಎಂದಿದ್ದಳು. ಪೆಟ್ಟಿಗೆಯ ಬಾಗಿಲು ತೆರೆದು, ಒಂದೇ ಗಳಿಗೆಯಲ್ಲಿ ಇಬ್ಬರೂ ಓದಿ ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು. ಅಪ್ಪ ಗಲ್ಲ ಮೇಲೆತ್ತಿ ಓದಿದರು. ಗಂಡ ಗಲ್ಲ ಕೆಳಗಿಳಿಸಿ ಓದಿದ. ಪೆಟ್ಟಿಗೆ ಅವನ ಎದೆಯ ಮಟ್ಟಕ್ಕಿತ್ತು, ಮಂಡಿ ಬಗ್ಗಿಸಬೇಕೆಂದು ಅವನಿಗೂ ಹೊಳೆದಿರಲಿಲ್ಲ. ಅವರವರ ಕಣ್ಣು ಅವರವರಿಗೆ ಸಮವೇ. ಅಪ್ಪನ ಚೀಟಿಯಲ್ಲಿ ಇಪ್ಪತ್ತನಾಲ್ಕು ಪಾಯಿಂಟ್ ಒಂದು. ಗಂಡನ ಚೀಟಿಯಲ್ಲಿ ಇಪ್ಪತ್ತನಾಲ್ಕು ಪಾಯಿಂಟ್ ಏಳು. ಅವಳು ತಾನೇ ನಡುವೆ ನಿಂತು ನೋಡಿದಳು. ಪಾದರಸ ಸರಿಯಾಗಿ ಅವಳ ಕಣ್ಣಿನ ನೇರಕ್ಕಿತ್ತು, ಇಪ್ಪತ್ತನಾಲ್ಕು ಪಾಯಿಂಟ್ ನಾಲ್ಕು.

ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಐದು ವರ್ಷದ ಸೆಕೆ, ಐದು ವರ್ಷದ ಮೌನ, ಎಲ್ಲಾ ಸೇರಿ ಒಬ್ಬರು ಗಿಡ್ಡ ಒಬ್ಬರು ಉದ್ದ. ಊರು ಬಿಸಿಯಾಗಿದ್ದರೆ ಅದು ಬೇರೆ ಲೆಕ್ಕ, ಈ ಅರ್ಧ ಡಿಗ್ರಿಯಂತೂ ಅದಲ್ಲ. ಈಗಲಾದರೂ ಇಬ್ಬರೂ ನಗುತ್ತಾರೆ ಎಂದು ದೊಡ್ಡವಳು ಕಾದಳು. ಅಪ್ಪ ಚೀಟಿ ಮಡಚಿ ಕಿಸೆಗಿಟ್ಟುಕೊಂಡು ಒಳಗೆ ಹೋದರು. ಗಂಡ ಪೆಟ್ಟಿಗೆಯ ಬಾಗಿಲು ಹಾಕಿದ.

ಅವಳು ಇದ್ದದ್ದು ಇದ್ದ ಹಾಗೆ ಕೇಂದ್ರ ಕಚೇರಿಗೆ ಬರೆದಳು. ಅಪ್ಪನ ವರ್ಷಗಳಿಗೆ ಇಷ್ಟು ಕೂಡಿಸಿ, ಗಂಡನ ವರ್ಷಗಳಲ್ಲಿ ಇಷ್ಟು ಕಳೆಯಿರಿ, ಯಾರನ್ನೂ ಹೊಡೆದುಹಾಕಬೇಡಿ. ಅಲ್ಲಿಂದ ಉತ್ತರ ಬಂತು. ವಿವರಣೆ ತೃಪ್ತಿಕರ, ಆದರೆ ಒಂದು ದಿನದ ಓದು ಸಾಲದು. ಒಂದು ವರ್ಷ ಇಬ್ಬರೂ ಪಕ್ಕಪಕ್ಕ ನಿಂತು ಓದಬೇಕು. ಸ್ಟೂಲು ಕೂಡದು, ಮಂಡಿ ಬಗ್ಗಿಸಕೂಡದು, ಹಿಂದೆ ಹೇಗೆ ನಿಲ್ಲುತ್ತಿದ್ದರೋ ಹಾಗೆಯೇ ನಿಲ್ಲಬೇಕು. ಸೂಕ್ತ ಎತ್ತರದ ಮೂರನೆಯವರೊಬ್ಬರು ನಿಜವಾದ ಅಂಕಿ ಬರೆಯಬೇಕು. ವರ್ಷವಿಡೀ ವ್ಯತ್ಯಾಸ ಒಂದೇ ಸಮನಿದ್ದರೆ ತಿದ್ದುಪಡಿ ಒಪ್ಪಲಾಗುವುದು. ಹಳೆಯ ವೀಕ್ಷಕರ ವ್ಯತ್ಯಾಸ ಸ್ಥಿರವಿಲ್ಲದಿದ್ದರೆ ಅವರ ಮೂವತ್ತು ವರ್ಷ ತೆಗೆದುಹಾಕಲಾಗುವುದು. ಮೂರನೆಯವರಿಗೆ ಹೆಚ್ಚುವರಿ ಸಂಬಳದ ಮಾತು ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಹೀಗೆ ಮಾತು ಬಿಟ್ಟ ಇಬ್ಬರು ಸರ್ಕಾರದ ಆಜ್ಞೆಯ ಮೇರೆಗೆ ದಿನವೂ ಬೆಳಿಗ್ಗೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲತೊಡಗಿದರು. ಹೆಗಲಿಗೆ ಹೆಗಲು ಎನ್ನುವುದು ಮಾತಿಗೆ. ಅಪ್ಪನ ಹೆಗಲು ಅಳಿಯನ ಮೊಣಕೈಗೆ ಬರುತ್ತಿತ್ತು. ಅಪ್ಪ ಎಡಕ್ಕೆ, ಅಳಿಯ ಬಲಕ್ಕೆ, ದೊಡ್ಡವಳು ಆಮೇಲೆ. ಅಪ್ಪನ ಟ್ರಂಕು ಹಗ್ಗ ಬಿಗಿದುಕೊಂಡೇ ಮಂಚದ ಕೆಳಗಿತ್ತು.

ಮೊದಲ ತಿಂಗಳುಗಳು ಚೆನ್ನಾಗಿ ನಡೆದವು. ಗಂಡ ನಿಜಕ್ಕಿಂತ ಮೂರು ಹೆಚ್ಚು, ಅಪ್ಪ ನಿಜಕ್ಕಿಂತ ಮೂರು ಕಡಿಮೆ, ದಶಾಂಶದ ಲೆಕ್ಕದಲ್ಲಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಮಂಜು ದಟ್ಟವಾಗಿದ್ದಾಗ ಅಳಿಯನ ಬಾಯಿಂದ "ಇವತ್ತು ಕಾಣೋದೇ ಇಲ್ಲ" ಎಂಬ ಮಾತು ಬಂತಂತೆ. ಅಪ್ಪ "ಹೂಂ" ಎಂದರಂತೆ. ದೊಡ್ಡವಳು ಅದನ್ನು ಚಿಕ್ಕವಳಿಗೆ ಫೋನ್ ಮಾಡಿ ಹೇಳಿದಳು.

ಚಳಿ ಕಳೆದ ಮೇಲಿನ ತಿಂಗಳು ಲೆಕ್ಕ ಹಾಕುವಾಗ ಅವಳ ಕೈ ನಿಂತಿತು. ಗಂಡ ಅದೇ ಮೂರು ಹೆಚ್ಚು. ಅಪ್ಪ ನಾಲ್ಕು ಕಡಿಮೆ. ಮುಂದಿನ ತಿಂಗಳು ನಾಲ್ಕೂವರೆ. ಕಣ್ಣು ಮಂಜಾಗಿದೆಯೇ ಎಂದು ಅಪ್ಪನಿಗೆ ಪತ್ರಿಕೆಯ ಸಣ್ಣ ಅಕ್ಷರ ಓದಿಸಿದಳು, ಗಡಗಡ ಓದಿದರು. ಆ ಸಂಜೆ ಬಟ್ಟೆ ಮಡಚುವಾಗ ಅಪ್ಪನ ಪ್ಯಾಂಟಿನ ಅಂಚು ಕಂಡಿತು. ಹಿಮ್ಮಡಿಯ ಹತ್ತಿರ ಸವೆದು ನೂಲು ಬಂದಿತ್ತು, ನೆಲಕ್ಕೆ ತಾಗಿ ತಾಗಿ ಸವೆದದ್ದು. ಹೋದ ವರ್ಷ ಅಳತೆ ಕೊಟ್ಟು ಹೊಲಿಸಿದ ಪ್ಯಾಂಟು ಅದು.

ಅಪ್ಪ ಕುಗ್ಗುತ್ತಿದ್ದರು. ಮೂವತ್ತು ವರ್ಷದ ತಮ್ಮದೇ ಸರಾಸರಿಗಿಂತ ಅವರು ಕೆಳಗಿಳಿದಿದ್ದರು, ಮುಂದಿನ ತಿಂಗಳು ಇನ್ನಷ್ಟು ಇಳಿಯುವವರಿದ್ದರು. ಇದಕ್ಕೆ ತಲೆಬರಹ ಯಾರೂ ಹಾಕುವುದಿಲ್ಲ. ದೊಡ್ಡವಳು ಪ್ಯಾಂಟನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು, ಆಮೇಲೆ ಅಂಚು ಮಡಚಿ ಹೊಲಿದಳು.

ಗಂಡ ಬೂಟು ಒರೆಸುತ್ತಿದ್ದಾಗ ಅವಳು ಹತ್ತಿರ ಹೋಗಿ ಕೂತು ವಿಷಯ ಹೇಳಿದಳು. ಅಪ್ಪನ ವ್ಯತ್ಯಾಸ ಜಾರುತ್ತಿದೆ, ಹೀಗೇ ಆದರೆ ಕೇಂದ್ರ ಕಚೇರಿ ಅವರನ್ನು ಹೊಡೆದುಹಾಕುತ್ತದೆ, ಹೊಡೆದುಹಾಕಿದ ದಿನ ಅಪ್ಪ ಟ್ರಂಕು ಎತ್ತುತ್ತಾರೆ. ಅವನು ಎಲ್ಲ ಕೇಳಿ "ಹೂಂ" ಎಂದ. ಇನ್ನೊಂದು ಬೂಟು ಎತ್ತಿಕೊಂಡ. ಅಪ್ಪನ ವರ್ಷಗಳು ಹೋದರೆ ಈ ಊರಿನ ದಾಖಲೆಯಲ್ಲಿ ಉಳಿಯುವುದು ಇವನೊಬ್ಬನೇ ಎಂಬುದು ಅವಳಿಗೆ ಹೊಳೆಯದೆ ಇರಲಿಲ್ಲ. ಕಲ್ಲಿಗಾದರೂ ಕನಿಕರ ಬಂದೀತು ಎಂದು ಬೈದುಕೊಂಡಳು. ಆ ವಾರವೆಲ್ಲ ಅವನಿಗೆ ಆರಿದ ಕಾಫಿ ಕೊಟ್ಟಳು. ಅವನು ಕುಡಿದ.

ಮುಂದಿನ ತಿಂಗಳ ಲೆಕ್ಕದಲ್ಲಿ ಅಪ್ಪ ಮೂರೂವರೆ ಕಡಿಮೆ. ಅದರ ಮುಂದಿನ ತಿಂಗಳು, ಮೂರು. ತಾನೇ ತಪ್ಪಿದೆನೆಂದು ಎರಡು ಸಲ ಕೂಡಿದಳು. ವಯಸ್ಸಾದವರು ಮತ್ತೆ ಬೆಳೆಯುವುದನ್ನು ಅವಳು ಎಲ್ಲೂ ಕೇಳಿರಲಿಲ್ಲ. ಅಪ್ಪ ತುದಿಗಾಲಲ್ಲಿ ನಿಲ್ಲುತ್ತಿದ್ದಾರೆ, ಇದು ಅದೇ, ಎಂದು ಮರುದಿನ ಬೆಳಿಗ್ಗೆ ಅವರ ಕಾಲನ್ನೇ ನೋಡುತ್ತ ನಿಂತಳು. ಹಿಮ್ಮಡಿ ನೆಲಕ್ಕೆ ಊರಿತ್ತು. ನೆಲ ಮಾತ್ರ ಮೊದಲಿನ ನೆಲವಲ್ಲ. ಪೆಟ್ಟಿಗೆಯ ಎಡಗಡೆ, ಅಪ್ಪ ನಿಲ್ಲುವ ಕಡೆ, ಮಣ್ಣು ತುಸು ಏರಿತ್ತು. ಮೇಲಿನ ಹುಲ್ಲನ್ನು ಚೌಕವಾಗಿ ಕತ್ತರಿಸಿ ಎತ್ತಿ, ಅಡಿಗೆ ಮಣ್ಣು ಹಾಕಿ, ಮತ್ತೆ ಹಾಸಿದ್ದರು. ಬೇರೆಯವರಿಗೆ ಗೊತ್ತೇ ಆಗದ ಹಾಗೆ ಹಾಸಿದ್ದರು. ಅದಕ್ಕೆ ದಿನವೂ ನೀರು ಬಿದ್ದಿತ್ತು.

ಅಪ್ಪ ಒಳಗೆ ಹೋಗುವವರೆಗೆ ಅವಳು ತಡೆದುಕೊಂಡಳು. ಆಮೇಲೆ ಗಂಡನನ್ನು ಕೇಳಿದಳು, ಇದೇನಿದು ಎಂದು.

"ಅಲ್ಲಿ ನೀರು ನಿಲ್ತಿತ್ತು. ಮಣ್ಣು ಹಾಕಿದೆ."

"ಇದು ಮೋಸ ಅಲ್ವಾ?"

ಅವನು ಪೆಟ್ಟಿಗೆಯ ಬಾಗಿಲಿನ ಕೊಕ್ಕೆ ಹಾಕಿ, ಸರಿಯಾಗಿ ಬಿತ್ತೇ ಎಂದು ಎಳೆದು ನೋಡಿದ.

"ಮೂವತ್ತು ವರ್ಷ ಓದಿದ ಮನುಷ್ಯನ ವ್ಯತ್ಯಾಸ ತಾನೇ ಅವರು ಕೇಳಿರೋದು? ಆ ಮನುಷ್ಯನ ಎತ್ತರಕ್ಕೆ ನಿಲ್ಲಿಸಿದೀನಿ, ಒಂದು ಕೂದಲೂ ಜಾಸ್ತಿ ಇಲ್ಲ. ಈಗ ಎಷ್ಟಾಗಿದಾರೆ ಅನ್ನೋದು ಮನೆ ವಿಷಯ. ಅದು ಸರ್ಕಾರಕ್ಕೆ ಯಾಕೆ?"

ದೊಡ್ಡವಳು ಒಳಗೆ ಹೋಗಿ ಬಿಸಿ ಕಾಫಿ ಮಾಡಿ ತಂದುಕೊಟ್ಟಳು. ಅವನು ಅದನ್ನೂ ಕುಡಿದ.

ವರ್ಷ ಮುಗಿದ ಮೇಲೆ ಕೇಂದ್ರ ಕಚೇರಿಯ ಕಾಗದ ಬಂತು. ನಡುವೆ ಮೂರು ತಿಂಗಳ ಅಲ್ಪ ಏರುಪೇರು ಬಿಟ್ಟರೆ ವ್ಯತ್ಯಾಸ ಸ್ಥಿರವಾಗಿದೆ, ಇಬ್ಬರ ವರ್ಷಗಳೂ ತಿದ್ದುಪಡಿಯೊಂದಿಗೆ ಉಳಿಯುತ್ತವೆ. ಇನ್ನು ಮುಂದೆ ಹಾಲಿ ವೀಕ್ಷಕರು ಮಂಡಿ ಬಗ್ಗಿಸಿ ಓದತಕ್ಕದ್ದು. ಆ ತಿಂಗಳ ವರದಿಯಲ್ಲಿ ದೊಡ್ಡವಳು ಗಂಡನಲ್ಲಿ ಅಪ್ಪನನ್ನು ಕಳೆದಾಗ ಹೆಚ್ಚುಕಡಿಮೆ ಸೊನ್ನೆ ಉಳಿಯಿತು. ತಾಪ ವಾಡಿಕೆಯಷ್ಟೇ ಇತ್ತು ಎಂದು ಬರೆದು ಕಳಿಸಿದಳು. ಉಪಸಂಪಾದಕ ಫೋನ್ ಮಾಡಿ, ಇದರಲ್ಲಿ ಸುದ್ದಿ ಎಲ್ಲಿದೆ ಎಂದು ಗೊಣಗಿದ. ಒಳಪುಟದ ಮೂಲೆಯಲ್ಲಿ ಬಸ್ಸಿನ ವೇಳಾಪಟ್ಟಿಯ ಕೆಳಗೆ ಹಾಕಿದ.

ಅಪ್ಪ ಅದನ್ನು ಓದಿದರು. ಎದ್ದು ಹೋಗಿ ಟ್ರಂಕಿನ ಹಗ್ಗ ಬಿಚ್ಚಿ ಬಟ್ಟೆ ತೆಗೆದು ಗೂಟಕ್ಕೆ ಹಾಕಿದರು. ವರ್ಷ ಮುಗಿದಿದ್ದರೂ ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಅಂಗಳಕ್ಕೆ ಹೊರಟರು. ಏಣಿಯೂ ಯಾಕೆ ಬಂದಿರಿ ಎನ್ನಲಿಲ್ಲ, ಬಲಕ್ಕೆ ಸರಿದು ಜಾಗ ಬಿಟ್ಟ. ಇಬ್ಬರೂ ಓದಿದರು, ಒಬ್ಬ ಬಗ್ಗಿ, ಒಬ್ಬರು ಗಲ್ಲವೆತ್ತಿ.

ತಿಂಡಿಗೆ ಕೂತಾಗ ಅಳಿಯ ಇನ್ನೂ ಕೈ ತೊಳೆಯುತ್ತಿದ್ದ. ಅಪ್ಪ ಮಗಳ ಕಡೆಗೆ ಬಾಗಿ ದನಿ ತಗ್ಗಿಸಿದರು.

"ನಿನ್ನ ಗಂಡನ್ನ ಸ್ವಲ್ಪ ನೋಡ್ಕೋ. ಈಚೀಚೆಗೆ ಪೆಟ್ಟಿಗೆ ಹತ್ರ ನಿಂತಾಗ ನೋಡ್ತೀನಿ, ಮೊದಲಿನಷ್ಟು ಎತ್ತರ ಇಲ್ಲ. ಕುಗ್ತಾ ಇದಾನೆ."

ದೊಡ್ಡವಳು ಅಪ್ಪನ ಮುಖ ನೋಡಿದಳು. ಅವರು ತಟ್ಟೆ ನೋಡುತ್ತಿದ್ದರು.

"ಒಳ್ಳೆ ಹುಡುಗ," ಎಂದರು ಅಪ್ಪ. "ಅವನಿಗೆ ಗೊತ್ತಾಗೋ ಹಾಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ."

ಅಳಿಯ ತಲೆ ತಗ್ಗಿಸಿ ಬಾಗಿಲು ದಾಟಿ ಬಂದು ಕೂತ. ಅಪ್ಪ ಕೈ ಚಾಚಿ, ಅವನ ಮೊಣಕೈ ಹತ್ತಿರವಿದ್ದ ಉಪ್ಪನ್ನು ಅವನಿಂದಲೇ ಕೇಳಿ ಈಸಿಕೊಂಡರು.